ಹಳೆಯ ಹಾರ್ಡ್‌ಟೇಲ್ ಸೈಕಲ್‌ಗೆ 140ರ ಫೋರ್ಕ್ ಹಾಕಬಹುದಾ?

ಪ್ರಶ್ನೆ: ನಾನು ಮಣಿಪಾಲದವನು. ಎತ್ತರ 5 ಅಡಿ 8 ಇಂಚು, ತೂಕ 76 ಕಿಲೋ. ನನ್ನ ಹತ್ತಿರ 2016ರ 29 ಇಂಚಿನ ಅಲ್ಯುಮಿನಿಯಂ ಹಾರ್ಡ್‌ಟೇಲ್ ಎಂಟಿಬಿ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಗುಡ್ಡಗಾಡಿನ ಸೈಕಲ್) ಉಂಟು, ಮೀಡಿಯಂ ಸೈಜು. 100 ಮಿ.ಮೀ. ಕುಸಿಯುವ ಕಾಯಿಲ್ (ಸ್ಪ್ರಿಂಗಿನ) ಫೋರ್ಕ್, 90 ಮಿ.ಮೀ. ಸ್ಟೆಮ್ (ಹ್ಯಾಂಡಲ್‌ಬಾರನ್ನು ಫೋರ್ಕಿಗೆ ಸೇರಿಸುವ ತುಂಡು), 660 ಮಿ.ಮೀ. ಹ್ಯಾಂಡಲ್‌ಬಾರ್, 2.1 ಟೈರ್. ಕಂಪನಿಯ ಚಾರ್ಟಿನಲ್ಲಿ ಹೆಡ್ ಆ್ಯಂಗಲ್ (ಹೆಡ್ ಟ್ಯೂಬ್, ಅಂದರೆ ಫೋರ್ಕ್ ಕೂರುವ ಮುಂದಿನ ಕೊಳವೆ, ನೆಲಕ್ಕೆ ಮಾಡುವ ಕೋನ) 70, ಸೀಟ್ ಆ್ಯಂಗಲ್ (ಸೀಟಿನ ಕೊಳವೆಯ ಕೋನ) 73, ರೀಚ್ (ಪೆಡಲ್ ಅಚ್ಚಿನಿಂದ ಹೆಡ್ ಟ್ಯೂಬಿನ ಮೇಲ್ತುದಿಯ ತನಕದ ಅಡ್ಡ ಉದ್ದ) 415 ಅಂತ ಇದೆ. ಎಂಡ್ ಪಾಯಿಂಟ್ ಕಡೆಯ ಇಳಿಜಾರಿನಲ್ಲಿ, ಕಾರ್ಕಳದ ಗುಡ್ಡೆಗಳಲ್ಲಿ ಇಳಿಯುವಾಗ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತೇನೆ ಎಂಬ ಭಯ. 140ರ ಫೋರ್ಕ್ ಹಾಕಿದರೆ ಟ್ರೇಲ್ ಬೈಕೇ (ಕಾಡುದಾರಿಯ ಇಳಿಜಾರಿಗೆಂದು ಮಾಡಿದ ಸೈಕಲ್ಲೇ) ಆಗುತ್ತದೆ ಎಂದು ಒಬ್ಬರು, ಆ್ಯಂಗಲ್ ಹೆಡ್‌ಸೆಟ್ (ಹೆಡ್ ಆ್ಯಂಗಲ್ ಒರಗಿಸುವ ಬೇರಿಂಗ್ ಜೋಡಿ) ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಕೈಯಲ್ಲಿ 25,000 ರೂಪಾಯಿ ಇದೆ. ಯಾವುದನ್ನು ಬದಲಿಸಲಿ? ಆಗಾಗ ಆಗುಂಬೆ ಘಾಟಿಗೂ ಹೋಗುತ್ತೇನೆ, ಅದಕ್ಕೆ ತೊಂದರೆ ಆಗಬಾರದು.

ಉತ್ತರ: 140 ಬೇಡ. 120ರ ಬಗ್ಗೆ ಯೋಚಿಸಬಹುದು, ಅದೂ ಮೊದಲ ಕೆಲಸ ಅಲ್ಲ. ನಿಮ್ಮ ಭಯದ ದೊಡ್ಡ ಪಾಲು ಇರುವುದು 90ರ ಸ್ಟೆಮ್, 660ರ ಬಾರ್ ಮತ್ತು ಇಳಿಯುವಾಗಲೂ ಎತ್ತರದಲ್ಲೇ ಇರುವ ಸೀಟಿನಲ್ಲಿ. ಮೊದಲು ಅಲ್ಲಿ ಕೈ ಹಾಕಿ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಫೋರ್ಕ್ ಉದ್ದ ಮಾಡಿದರೆ ಹೆಡ್ ಆ್ಯಂಗಲ್ ಒಂದೇ ಬದಲಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಹಿಂದಿನ ಆಕ್ಸಲ್ ಅನ್ನು ಬಾಗಿಲಿನ ತಿರುಗಣಿ ಅಂದುಕೊಳ್ಳಿ. ಮುಂದಿನ ತುದಿ ಎತ್ತಿದರೆ ಇಡೀ ಫ್ರೇಮೇ ಆ ತಿರುಗಣಿಯ ಮೇಲೆ ಹಿಂದಕ್ಕೆ ಒರಗುತ್ತದೆ. ನಿಮ್ಮ ಸೈಕಲ್ಲಿನ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ಅಂತರ, ಸುಮಾರು 1090 ಮಿ.ಮೀ. ಇರಬಹುದು. ಅದಕ್ಕೆ 20 ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಫ್ರೇಮ್ ಹೆಚ್ಚುಕಡಿಮೆ 1 ಡಿಗ್ರಿ ಒರಗುತ್ತದೆ. ಹೆಡ್ ಆ್ಯಂಗಲ್ 70ರಿಂದ 69ಕ್ಕೆ ಬರುತ್ತದೆ, ಅದು ನಿಮಗೆ ಬೇಕಾದದ್ದು. ಆದರೆ ಸೀಟ್ ಆ್ಯಂಗಲ್ಲೂ 73ರಿಂದ 72ಕ್ಕೆ ಇಳಿಯುತ್ತದೆ. ಬಾಟಮ್ ಬ್ರ್ಯಾಕೆಟ್ (ಪೆಡಲ್ ತಿರುಗುವ ಅಚ್ಚು) 7–8 ಮಿ.ಮೀ. ಮೇಲೇರುತ್ತದೆ. ರೀಚ್ ಸುಮಾರು 10 ಮಿ.ಮೀ. ಕಮ್ಮಿಯಾಗುತ್ತದೆ. ಇವು ಯಾವುವೂ ನೀವು ಕೇಳಿದ್ದಲ್ಲ.

140 ಹಾಕಿದರೆ ಎಲ್ಲವೂ ಇಮ್ಮಡಿ. ಹೆಡ್ ಆ್ಯಂಗಲ್ 68, ಸೀಟ್ ಆ್ಯಂಗಲ್ 71, ರೀಚ್ 395ರ ಹತ್ತಿರ, ಬಾಟಮ್ ಬ್ರ್ಯಾಕೆಟ್ 15 ಮಿ.ಮೀ. ಎತ್ತರ. ಈಗಿನ ಟ್ರೇಲ್ ಹಾರ್ಡ್‌ಟೇಲ್ ಮೀಡಿಯಂ ಸೈಜಿನಲ್ಲಿ ಹೆಡ್ ಆ್ಯಂಗಲ್ 65–66, ಸೀಟ್ ಆ್ಯಂಗಲ್ 75ರ ಮೇಲೆ, ರೀಚ್ 450ರ ಆಸುಪಾಸು ಇರುತ್ತದೆ. ಅಂದರೆ ನೀವು ಆ ಕಡೆ ಹೋಗಲು ಹೊರಟಿರಿ, ಮೂರರಲ್ಲಿ ಒಂದು ಸಂಖ್ಯೆ ಮಾತ್ರ ಆ ಕಡೆ ಸರಿಯಿತು. ಉಳಿದ ಎರಡು ಇನ್ನೂ ಹಿಂದಕ್ಕೆ ಹೋದವು. ಕೋನವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಫ್ರೇಮಿನ ಉದ್ದವನ್ನು ಕೊಳ್ಳಲಾಗದು. ಫೋರ್ಕ್ ವಿಷಯದಲ್ಲಂತೂ ಇದ್ದ ಉದ್ದವನ್ನೇ ಕಳೆದುಕೊಳ್ಳುತ್ತೀರಿ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಾರ್ಡ್‌ಟೇಲ್‌ನಲ್ಲಿ ಹಿಂದೆ ಸಸ್ಪೆನ್ಷನ್ ಇಲ್ಲ, ಮುಂದೆ ಮಾತ್ರ ಕುಸಿಯುತ್ತದೆ. ಫೋರ್ಕ್ ಪೂರ್ತಿ ಕೂತಾಗ 100ರದ್ದೂ 140ರದ್ದೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ, ಏಕೆಂದರೆ ಹೆಚ್ಚಿಗೆ ಇದ್ದ 40 ಮಿ.ಮೀ. ಒಳಗೆ ಹೋಗಿಯಾಯಿತು. ಆ ಕ್ಷಣದಲ್ಲಿ ನಿಮ್ಮ ಹೆಡ್ ಆ್ಯಂಗಲ್ ಎರಡರಲ್ಲೂ 75ರ ಹತ್ತಿರ. 100ರ ಫೋರ್ಕಿನಲ್ಲಿ ಅದು 70ರಿಂದ 75ಕ್ಕೆ ಓಡುತ್ತದೆ, 140ರಲ್ಲಿ 68ರಿಂದ 75ಕ್ಕೆ. ಕಡಿದಾದ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದು, ಮುರಕಲ್ಲಿನ ಮೆಟ್ಟಿಲಿನಿಂದ ಚಕ್ರ ಕೆಳಗೆ ಬೀಳುವ ಹೊತ್ತಿಗೆ, ಅಂದರೆ ನಿಮಗೆ ಭಯ ಆಗುವ ಆ ಹೊತ್ತಿಗೇ, ನೀವು ದುಡ್ಡು ಕೊಟ್ಟು ತಂದ 2 ಡಿಗ್ರಿ ಮಾಯವಾಗಿರುತ್ತದೆ.

ಹಾಗಾಗಿ ಫೋರ್ಕ್ ಎಷ್ಟು ಉದ್ದ ಎಂಬುದಕ್ಕಿಂತ ಎಷ್ಟು ಬೇಗ ಕುಸಿಯುತ್ತದೆ ಎಂಬುದು ಮುಖ್ಯ. ಅಗ್ಗದ ಕಾಯಿಲ್ ಫೋರ್ಕ್‌ಗಳ ದೋಷ ಇರುವುದು ಇಲ್ಲೇ. ಮೇಲಿರುವ ತಿರುಪು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದುಕೊಳ್ಳುತ್ತೇವೆ. ಅದು ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿ ಇಡುತ್ತದೆ ಅಷ್ಟೆ, ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ. ಏರ್ ಫೋರ್ಕ್ ಆದರೆ ನಿಮ್ಮ 76 ಕಿಲೋಗೆ ತಕ್ಕಂತೆ ಶಾಕ್ ಪಂಪಿನಲ್ಲಿ ಗಾಳಿ ತುಂಬಬಹುದು. ಸೈಕಲ್ ಮೇಲೆ ನಿಂತಾಗ ಒಟ್ಟು ಟ್ರಾವೆಲ್‌ನ (ಫೋರ್ಕ್ ಕುಸಿಯಬಲ್ಲ ಉದ್ದದ) 20 ಪರ್ಸೆಂಟ್ ಆಸುಪಾಸು ಕೂರುವಂತೆ ಇಟ್ಟರೆ ಸಾಕು. ಹಾರ್ಡ್‌ಟೇಲ್‌ಗೆ ಅದಕ್ಕಿಂತ ಮೆತ್ತಗೆ ನಾನು ಹೇಳುವುದಿಲ್ಲ. ಸರಿಯಾಗಿ ಗಾಳಿ ತುಂಬಿದ 100ರ ಏರ್ ಫೋರ್ಕ್, ಬ್ರೇಕ್ ಹಿಡಿದಾಗ ತಲೆ ತಗ್ಗಿಸುವ 140ರ ಕಾಯಿಲ್ ಫೋರ್ಕ್‌ಗಿಂತ ಇಳಿಜಾರಿನಲ್ಲಿ ಜಾಸ್ತಿ ಧೈರ್ಯ ಕೊಡುತ್ತದೆ.

ಫ್ರೇಮಿನ ಮಾತೂ ಇದೆ. 100ರ ಫೋರ್ಕ್‌ಗೆಂದು ಮಾಡಿದ ಫ್ರೇಮಿಗೆ ಉದ್ದದ ಫೋರ್ಕ್ ಹಾಕಿದರೆ ಹೆಡ್ ಟ್ಯೂಬ್ ಮೇಲೆ ಸನ್ನೆಗೋಲಿನ ಒತ್ತಡ ಏರುತ್ತದೆ. ಅಲ್ಯುಮಿನಿಯಂ ಬಗ್ಗಿ ಎಚ್ಚರಿಕೆ ಕೊಡುವ ಲೋಹ ಅಲ್ಲ. ಒಳಗೊಳಗೇ ದಣಿದು ಒಂದು ದಿನ ಬಿರುಕು ಬಿಡುತ್ತದೆ. ಡೌನ್ ಟ್ಯೂಬ್ (ಫ್ರೇಮಿನ ಕೆಳಗಿನ ಓರೆ ಕೊಳವೆ) ಹೆಡ್ ಟ್ಯೂಬಿಗೆ ಸೇರುವ ವೆಲ್ಡಿಂಗಿನ ಕೆಳಗೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಫೋರ್ಕಿನ ಮಾತೇ ಬೇಡ, ಸೈಕಲ್ ಅನ್ನೇ ಬದಿಗಿಡಿ. ಗೆರೆ ಇಲ್ಲದಿದ್ದರೂ, ಈ ಫ್ರೇಮಿಗೆ ಗರಿಷ್ಠ ಎಷ್ಟು ಟ್ರಾವೆಲ್ ಒಪ್ಪಿಗೆ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿ. 120 ಎಂದು ಬರೆದಿದ್ದರೆ 120. ಏನೂ ಬರೆದಿಲ್ಲ ಎಂದಾದರೆ 100ನ್ನೇ ಮಿತಿ ಎಂದುಕೊಳ್ಳಿ.

ಈಗ ಆ್ಯಂಗಲ್ ಹೆಡ್‌ಸೆಟ್. ಅದನ್ನು ಹೇಳಿದವರು ಪೂರ್ತಿ ತಪ್ಪು ಹೇಳಿಲ್ಲ. ಬರೀ ಕೋನದ ದೃಷ್ಟಿಯಿಂದ ನೋಡಿದರೆ ಇದು ಫೋರ್ಕ್‌ಗಿಂತ ಶುದ್ಧವಾದ ದಾರಿ. ಬೇರಿಂಗ್ ಕೂರುವ ಕಪ್‌ಗಳನ್ನು ಓರೆಯಾಗಿ ಕೊರೆದಿರುತ್ತಾರೆ, ಸ್ಟೀರರ್ ಟ್ಯೂಬ್ (ಫೋರ್ಕಿನ ಮೇಲ್ಭಾಗದ ಕೊಳವೆ) ಅದರೊಳಗೆ 1 ಅಥವಾ 1.5 ಡಿಗ್ರಿ ಓರೆಯಾಗಿ ಕೂರುತ್ತದೆ. ಸೈಕಲ್ಲಿನ ಮುಂಭಾಗ ಮೇಲೇಳುವುದಿಲ್ಲ, ಬದಲಿಗೆ 2–3 ಮಿ.ಮೀ. ಇಳಿಯುತ್ತದೆ. ಸೀಟ್ ಆ್ಯಂಗಲ್ ಕೆಡುವುದಿಲ್ಲ, ರೀಚ್ ಕಮ್ಮಿಯಾಗುವುದಿಲ್ಲ. ಕೇನ್ ಕ್ರೀಕ್, ವರ್ಕ್ಸ್ ಕಾಂಪೊನೆಂಟ್ಸ್ ಕಂಪನಿಗಳದ್ದು ಹೆಸರುವಾಸಿ. ಆದರೆ ನಿಮ್ಮ ಹೆಡ್ ಟ್ಯೂಬ್ ಅದಕ್ಕೆ ಜಾಗ ಕೊಡಬೇಕಲ್ಲ. ಕಪ್ ತೆಗೆದು ಒಳಗಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಬೇಕು. 44 ಮಿ.ಮೀ. ಇದ್ದರೆ, ಅಥವಾ ಮೇಲೆ 44 ಕೆಳಗೆ 56 ಇದ್ದರೆ ದಾರಿ ಉಂಟು. ಹಳೆಯ ಕಾಲದ 34 ಮಿ.ಮೀ. ಇದ್ದರೆ ಬಹುಮಟ್ಟಿಗೆ ಇಲ್ಲ. ಬೇರಿಂಗ್ ನೇರವಾಗಿ ಫ್ರೇಮಿನಲ್ಲೇ ಕೂರುವ ಮಾದರಿಯಾದರೂ ಸಾಮಾನ್ಯವಾಗಿ ಆಗುವುದಿಲ್ಲ.

ಆಗುತ್ತದೆ ಎಂದಾದರೂ ಕೂರಿಸುವ ಕೈ ಒಳ್ಳೆಯದಿರಬೇಕು. ಎರಡೂ ಕಪ್‌ಗಳ ಗುರುತು ಫ್ರೇಮಿನ ನಡುಗೆರೆಗೆ ಸರಿಯಾಗಿ ಬರಬೇಕು, ತುಸು ಬದಿಗೆ ಹೋದರೂ ಮುಂದಿನ ಚಕ್ರ ಓರೆಯಾಗಿ ನಿಲ್ಲುತ್ತದೆ. ಹೆಡ್‌ಸೆಟ್ ಪ್ರೆಸ್ ಇಲ್ಲದೆ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆಯುವ ಮೆಕ್ಯಾನಿಕ್ ಆದರೆ ಕೈಮುಗಿದು ಎದ್ದು ಬನ್ನಿ ಮಾರಾಯ್ರೇ. ಮತ್ತೆ, ನಮ್ಮದು ಕಡಲ ತೀರ. ಕೆಳಗಿನ ಬೇರಿಂಗ್‌ಗೆ ಚಕ್ರ ಎರಚುವ ನೀರು, ಮಲ್ಪೆ ಮರಳಿನ ಉಪ್ಪು ಎರಡೂ ಸೇರುತ್ತವೆ. ಯಾವ ಹೆಡ್‌ಸೆಟ್ ಹಾಕಿದರೂ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಿಚ್ಚಿ, ನೀರು ನಿಲ್ಲದ ಗ್ರೀಸ್ ದಪ್ಪಗೆ ಹಚ್ಚಿ.

ಕೋನ ಒರಗಿಸುವುದರಿಂದ ಸಿಗುವ ಗುಣ ಏನು ಎಂಬುದೂ ಗೊತ್ತಿರಲಿ. ಸ್ಟೀರಿಂಗಿನ ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ (ಟ್ರೇಲ್ ಬೈಕಿನ ಟ್ರೇಲ್ ಬೇರೆ). ಅದು ಜಾಸ್ತಿಯಾದಷ್ಟೂ ಚಕ್ರ ವೇಗದಲ್ಲಿ ನೇರ ನಿಲ್ಲುತ್ತದೆ, ಕಲ್ಲಿಗೆ ಹೊಡೆದರೂ ಹ್ಯಾಂಡಲ್ ಅಷ್ಟು ತಿರುಚಿಕೊಳ್ಳುವುದಿಲ್ಲ. 29 ಇಂಚಿನ ಚಕ್ರ, 51 ಮಿ.ಮೀ. ಫೋರ್ಕ್ ಆಫ್‌ಸೆಟ್ (ಸ್ಟೀರಿಂಗಿನ ಗೆರೆಯಿಂದ ಆಕ್ಸಲ್ ಮುಂದಿರುವ ದೂರ) ಎಂದಿಟ್ಟುಕೊಂಡರೆ 70 ಡಿಗ್ರಿಯಲ್ಲಿ ಟ್ರೇಲ್ ಸುಮಾರು 80 ಮಿ.ಮೀ., 69ರಲ್ಲಿ 87, 68ರಲ್ಲಿ 94. ಕೋನ ಮುಟ್ಟದೆ ಆಫ್‌ಸೆಟ್ ಮಾತ್ರ 51ರಿಂದ 44ಕ್ಕೆ ಇಳಿಸಿದರೂ ಟ್ರೇಲ್ 7 ಮಿ.ಮೀ. ಹೆಚ್ಚುತ್ತದೆ, ಅಂದರೆ 1 ಡಿಗ್ರಿ ಒರಗಿಸಿದಷ್ಟೇ. ಫೋರ್ಕ್ ಕೊಳ್ಳುವಾಗ ಆಫ್‌ಸೆಟ್ ಕೇಳಿಕೊಳ್ಳಿ. ಜಾಸ್ತಿ ಟ್ರೇಲ್‌ಗೆ ಬೆಲೆ ತೆರುವುದು ಏರಿನಲ್ಲಿ. ನಿಧಾನಕ್ಕೆ ಕಡಿದಾದ ಏರು ಹತ್ತುವಾಗ ಮುಂದಿನ ಚಕ್ರ ಆಚೆ ಈಚೆ ವಾಲುತ್ತದೆ.

ನಿಮ್ಮ ನಿಜವಾದ ಮದ್ದು ಇರುವ ಜಾಗಕ್ಕೆ ಬರೋಣ, ಸ್ಟೆಮ್ ಮತ್ತು ಬಾರ್. 90ರ ಸ್ಟೆಮ್ ನಿಮ್ಮ ಎದೆಯನ್ನು ಮುಂದಿನ ಚಕ್ರದ ಮೇಲಕ್ಕೆ ಎಳೆದು ತಂದಿದೆ. 660ರ ಬಾರ್ ಕಿರಿದಾದ್ದರಿಂದ ಕಲ್ಲಿಗೆ ಹೊಡೆದಾಗ ಹ್ಯಾಂಡಲ್ ತಿರುಚುವುದನ್ನು ತಡೆಯಲು ತೋಳಿಗೆ ಬಲ ಸಿಗುತ್ತಿಲ್ಲ. ಸ್ಟೆಮ್ 60, ಬಾರ್ 740 ಅಥವಾ 760 ಮಾಡಿ.

ಈಗಿನವರೆಲ್ಲ 35, 45ರ ಸ್ಟೆಮ್ ಹಾಕುತ್ತಾರಲ್ಲ, ನಾನೂ ಅಷ್ಟು ಗಿಡ್ಡ ಹಾಕಲೇ ಎಂದು ಕೇಳಬಹುದು. ಬೇಡ. ರೀಚ್ ಮತ್ತು ಸ್ಟೆಮ್ ಎರಡನ್ನೂ ಕೂಡಿಸಿ ನೋಡಿ. ಹೊಸ ಸೈಕಲ್ಲಿನಲ್ಲಿ 450ಕ್ಕೆ 45 ಸೇರಿದರೆ 495. ನಿಮ್ಮದು ಈಗ 415ಕ್ಕೆ 90, ಒಟ್ಟು 505. ಕೈ ಇರುವ ಜಾಗ ಹೆಚ್ಚುಕಡಿಮೆ ಒಂದೇ. ಹೊಸದರಲ್ಲಿ ಫ್ರೇಮೇ ಉದ್ದವಾಗಿ ಚಕ್ರ ಮುಂದೆ ಹೋಗಿದೆ, ಆದ್ದರಿಂದ ಸ್ಟೆಮ್ ಗಿಡ್ಡ ಮಾಡಿದ್ದಾರೆ. ಗ್ಯಾರಿ ಫಿಶರ್ 1990ರ ದಶಕದ ಕೊನೆಯಲ್ಲಿ ಜೆನೆಸಿಸ್ ಜಾಮಿಟ್ರಿ ಎಂದು ತಂದದ್ದೂ ಇದೇ ಲೆಕ್ಕ, ಟಾಪ್ ಟ್ಯೂಬ್ ಉದ್ದ, ಸ್ಟೆಮ್ ಗಿಡ್ಡ. ಆ ಜೋಡಿಯಲ್ಲಿ ಗಿಡ್ಡ ಸ್ಟೆಮ್ ಮಾತ್ರ ಕಿತ್ತು ತಂದು ನಿಮ್ಮ ಗಿಡ್ಡ ಫ್ರೇಮಿಗೆ ಹಾಕಿದರೆ ಒಟ್ಟು 450ಕ್ಕೆ ಇಳಿಯುತ್ತದೆ. ಏರಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತದೆ, ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಸಾಲದೆ ಕೆಮ್ಮಣ್ಣಿನ ಮೇಲಿನ ಸಣ್ಣ ಜಲ್ಲಿಯಲ್ಲಿ ಜಾರುತ್ತದೆ. 60ರಲ್ಲಿ ನಿಂತರೆ ಒಟ್ಟು 475. ಅಗಲದ ಬಾರ್ ಹೆಗಲನ್ನು ಸ್ವಲ್ಪ ಮುಂದಕ್ಕೆ, ಕೆಳಕ್ಕೆ ಎಳೆಯುವುದರಿಂದ ಕಳೆದುಕೊಂಡ ಉದ್ದದ ಒಂದು ಪಾಲು ಮರಳಿ ಸಿಗುತ್ತದೆ. ಮುಂದೆ 120ರ ಫೋರ್ಕ್ ಹಾಕಿ ರೀಚ್ 405ಕ್ಕೆ ಇಳಿದರೆ 70ರ ಸ್ಟೆಮ್ ಬೇಕಾಗುತ್ತದೆ. ಅದಕ್ಕೇ ಫೋರ್ಕ್ ತೀರ್ಮಾನ ಆಗುವ ತನಕ ದುಬಾರಿ ಸ್ಟೆಮ್ ಕೊಳ್ಳಬೇಡಿ, ಸಾಧಾರಣದ್ದು ಸಾಕು. ಬಾರ್ ಹಿಡಿಯುವ ಜಾಗದ ವ್ಯಾಸ 31.8ಓ 25.4ಓ ನೋಡಿಕೊಂಡು ಎರಡನ್ನೂ ಒಟ್ಟಿಗೆ ತನ್ನಿ.

ಬಾರ್ 760 ತಂದರೂ ಕೂಡಲೇ ಕತ್ತರಿಸಬೇಡಿ. ಗ್ರಿಪ್, ಬ್ರೇಕ್ ಲಿವರ್ ಒಳಕ್ಕೆ ಸರಿಸಿ ಕೆಲವು ವಾರ ಓಡಿಸಿ ನೋಡಿ, ಆಮೇಲೆ ಬೇಕಾದರೆ ಪೈಪ್ ಕಟರ್. ನಮ್ಮ ಊರ ದಾರಿಯಲ್ಲಿ ತಡಮೆ ದಾಟುವಾಗ, ಬೇಲಿಯ ಸಂದಿನಲ್ಲಿ ನುಗ್ಗುವಾಗ ಅಗಲದ ಬಾರ್ ಸಿಕ್ಕಿಕೊಳ್ಳುವುದುಂಟು. ಹಾರನ್ ಹೊಡೆಯುತ್ತಾ ಬರುವ ಸರ್ವಿಸ್ ಬಸ್ಸಿನ ಪಕ್ಕದಲ್ಲೂ ಒಂದಿಷ್ಟು ಅಂದಾಜು ಬೇಕು. 740 ನನಗೆ ಕಾಣುವ ಒಳ್ಳೆಯ ರಾಜಿ. ಎತ್ತರ ಬೇಕಾದರೆ ಸ್ಟೆಮ್ ಕೆಳಗಿನ ಸ್ಪೇಸರ್ ಹೆಚ್ಚಿಸುವುದಕ್ಕಿಂತ 20 ಮಿ.ಮೀ. ರೈಸ್ ಇರುವ ಬಾರ್ ತನ್ನಿ. ಸ್ಟೀರರ್ ಹಿಂದಕ್ಕೆ ಒರಗಿರುವುದರಿಂದ ಸ್ಟೆಮ್ ಅನ್ನು 10 ಮಿ.ಮೀ. ಮೇಲೆ ಸರಿಸಿದರೆ ಹ್ಯಾಂಡಲ್ 3–4 ಮಿ.ಮೀ. ಹಿಂದೆ ಬರುತ್ತದೆ, ನಿಮ್ಮಲ್ಲಿ ಅಷ್ಟೂ ಬಿಟ್ಟುಕೊಡುವ ಉದ್ದ ಇಲ್ಲ.

ಸೀಟು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಇಳಿಯುವ ಮೊದಲು ಸೀಟನ್ನು ಆರೇಳು ಸೆಂ.ಮೀ. ತಗ್ಗಿಸಿ, ಪೆಡಲ್ ಮಟ್ಟವಾಗಿಟ್ಟು, ಸೊಂಟ ಹಿಂದಕ್ಕೂ ಕೆಳಕ್ಕೂ ಹೋಗುವಂತೆ ಇಳಿದು ನೋಡಿ. ಭಯ ಅರ್ಧ ಇಳಿಯದಿದ್ದರೆ ಕೇಳಿ. ಇಳಿಯಿತು ಎಂದಾದರೆ ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟನ್ನು ತಗ್ಗಿಸಬಹುದಾದ ಸೀಟ್‌ಪೋಸ್ಟ್) ನಿಮ್ಮ ಪಟ್ಟಿಯಲ್ಲಿ ಫೋರ್ಕ್‌ಗಿಂತ ಮೇಲೆ ಬರಬೇಕು. ಅದು ಒಂದು ಡಿಗ್ರಿಯನ್ನೂ ಬದಲಿಸುವುದಿಲ್ಲ, ಆದರೆ ನಿಮ್ಮ ದೇಹಕ್ಕೆ ಚಲಿಸಲು ಜಾಗ ಕೊಡುತ್ತದೆ. ಈಗಿನ ಸೀಟ್‌ಪೋಸ್ಟ್ ಮೇಲೆ 27.2, 30.9 ಅಥವಾ 31.6 ಎಂದು ಕೊರೆದಿರುತ್ತದೆ, ಆ ಅಳತೆಯದ್ದೇ ಬೇಕು. 2016ರ ಫ್ರೇಮಿನಲ್ಲಿ ಕೇಬಲ್ ಒಳಗೆ ಹೋಗುವ ತೂತು ಇಲ್ಲದಿದ್ದರೆ ಹೊರಗಿನ ಕೇಬಲ್‌ನ ಮಾದರಿ ಕೇಳಿ. ಬೀಚಿಗೆ ಹೋಗಿ ಬಂದ ಮೇಲೆ ಅದರ ಹೊಳೆಯುವ ಭಾಗ ಒರೆಸುವುದು ತಪ್ಪಬಾರದು.

120ರ ಫೋರ್ಕ್ ಹಾಕಿದ ದಿನ ಸೀಟನ್ನು ಮುಂದಕ್ಕೂ ಸರಿಸಬೇಕು. ನಿಮ್ಮ ಎತ್ತರಕ್ಕೆ 1 ಡಿಗ್ರಿ ಅಂದರೆ ಸೀಟಿನ ಮಟ್ಟದಲ್ಲಿ ಸುಮಾರು 12 ಮಿ.ಮೀ. ಸೀಟಿನ ಕೆಳಗಿನ ರೈಲು ಕಂಬಿಯಲ್ಲಿ ಅಷ್ಟು ಜಾಗ ಇರುತ್ತದೆ. 140ಕ್ಕೆ 25 ಮಿ.ಮೀ. ಬೇಕು, ಆಗ ರೈಲು ಮುಗಿಯುತ್ತದೆ. ಸರಿಸದೆ ಬಿಟ್ಟರೆ ಮಣಿಪಾಲದ ಏರುಗಳಲ್ಲಿ ಮುಂದಿನ ಚಕ್ರ ಎದ್ದೆದ್ದು ಬರುತ್ತದೆ.

ಟೈರ್ ವಿಷಯದಲ್ಲಿ ಕೋನದ ಲಾಭ ಅಲ್ಪ. ಮುಂದೆ ಮಾತ್ರ 2.1 ತೆಗೆದು 2.3 ಹಾಕಿದರೆ ಆಕ್ಸಲ್ 5 ಮಿ.ಮೀ. ಮೇಲೇರಿ ಕಾಲು ಡಿಗ್ರಿ ಒರಗುತ್ತದೆ. ಆದರೂ ಹಾಕಿ, ಹಿಡಿತಕ್ಕಾಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಹಿಡಿದ ಮುರಕಲ್ಲಿನ ಮೇಲೆ 65 ಡಿಗ್ರಿಯ ಸೈಕಲ್ಲೂ ಜಾರುತ್ತದೆ, 70ರದ್ದೂ ಜಾರುತ್ತದೆ. ಅಲ್ಲಿ ಸಹಾಯ ಮಾಡುವುದು ಮೆತ್ತಗಿನ ರಬ್ಬರ್ ಮತ್ತು ಸ್ವಲ್ಪ ಕಮ್ಮಿ ಗಾಳಿ. ಹಳೆಯ ಕಿರಿದಾದ ರಿಮ್‌ಗೆ 2.4ರ ಮೇಲೆ ಹೋಗಬೇಡಿ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ.

ಹಿಂದೆ 27.5 ಚಕ್ರ ಹಾಕಿ ಮಲೆಟ್ ಮಾಡುವ ಉಪಾಯವೂ ನಿಮ್ಮ ಕಿವಿಗೆ ಬೀಳಬಹುದು. 1 ಡಿಗ್ರಿ ಸಿಗುತ್ತದೆ ನಿಜ, ಆದರೆ ಬಾಟಮ್ ಬ್ರ್ಯಾಕೆಟ್ 11–12 ಮಿ.ಮೀ. ಕೆಳಗೆ ಬಂದು ಪೆಡಲ್ ಕಲ್ಲಿಗೆ ಬಡಿಯುತ್ತದೆ. ಕಾರ್ಕಳದ ಬಂಡೆಗಳಿಗೆ ಇದು ಆಗಿಬರುವುದಿಲ್ಲ. ಈಗಲೇ ಪೆಡಲ್ ಬಡಿಯುತ್ತಿದ್ದರೆ 175ರ ಕ್ರ್ಯಾಂಕ್ ಬದಲು 165ರದ್ದು ಹಾಕಿ, ಪೆಡಲ್ ನೆಲದಿಂದ 10 ಮಿ.ಮೀ. ಮೇಲೆ ಉಳಿಯುತ್ತದೆ, ಸೀಟನ್ನೂ ಅಷ್ಟೇ ಎತ್ತರಿಸಿ.

ದುಡ್ಡಿನ ಲೆಕ್ಕ. ಸಾಧಾರಣ ಬ್ರ್ಯಾಂಡಿನ ಬಾರ್, ಸ್ಟೆಮ್, ಮುಂದಿನ ಟೈರ್ ಮೊದಲು. ಬಳಿಕ ಡ್ರಾಪರ್. ಇಷ್ಟು ಮಾಡಿ ಒಂದು ಮಳೆಗಾಲ ಕಳೆಯಿರಿ. ಆಮೇಲೂ ಬೇಕು ಅನ್ನಿಸಿದರೆ ಏರ್ ಫೋರ್ಕ್ ತನ್ನಿ, ಆಗಲೂ ಅದರ ಜೊತೆ ಬರುವ ಖರ್ಚು ನೋಡಿಕೊಳ್ಳಿ. ನಿಮ್ಮದು ಮೇಲಿನಿಂದ ಕೆಳತನಕ ಒಂದೇ ದಪ್ಪದ ಸ್ಟೀರರ್ ಆಗಿದ್ದು, ಹೆಡ್ ಟ್ಯೂಬ್ 34ರದ್ದಾದರೆ ಕೆಳಗೆ ದಪ್ಪಗಿರುವ ಟೇಪರ್ಡ್ ಫೋರ್ಕ್ ಒಳಗೆ ಹೋಗುವುದೇ ಇಲ್ಲ. 44ರದ್ದಾದರೆ ಕೆಳಗಿನ ಕಪ್ ಹೊರಗೆ ಕೂರುವ ಹೆಡ್‌ಸೆಟ್ ಹಾಕಿ ಹೊಂದಿಸಬಹುದು, ಆದರೆ ಆ ಕಪ್ಪೇ ಮುಂಭಾಗವನ್ನು ಸುಮಾರು 12 ಮಿ.ಮೀ. ಎತ್ತುತ್ತದೆ, ಅದನ್ನೂ ಫೋರ್ಕಿನ ಉದ್ದಕ್ಕೆ ಸೇರಿಸಿ ಲೆಕ್ಕ ಹಾಕಿ. ಹೊಸ ಫೋರ್ಕ್‌ಗಳಲ್ಲಿ ಹಲವು 15 ಮಿ.ಮೀ. ಆಕ್ಸಲ್, 110ರ ಅಗಲ. ನಿಮ್ಮ ಕ್ವಿಕ್ ರಿಲೀಸ್ ಹಬ್ ಅದಕ್ಕೆ ಕೂರುವುದಿಲ್ಲ, ಚಕ್ರವೇ ಬೇರೆ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಸ್ಟೀರರ್ ಎಷ್ಟಕ್ಕೆ ಕತ್ತರಿಸಿದ್ದಾರೆ ಕೇಳಿ. ಹೆಡ್ ಟ್ಯೂಬ್, ಹೆಡ್‌ಸೆಟ್, ಸ್ಪೇಸರ್, ಸ್ಟೆಮ್ ಎಲ್ಲ ಕೂಡಿದ ಉದ್ದ ಇರಲೇಬೇಕು. ಕರಾವಳಿಯಲ್ಲಿ ಓಡಿದ ಫೋರ್ಕ್ ಆದರೆ ಜಾರುವ ಕೊಳವೆಗಳ ಮೇಲೆ ಉಗುರು ಆಡಿಸಿ. ಅಗ್ಗದವು ಕ್ರೋಮ್ ಹಚ್ಚಿದ ಉಕ್ಕು, ಉಪ್ಪುಗಾಳಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ತಿಂದಿರುತ್ತದೆ. ಉಗುರಿಗೆ ಗುಳಿ ಸಿಕ್ಕರೆ ಸೀಲ್ ಉಳಿಯುವುದಿಲ್ಲ.

ಏನೇ ಬದಲಿಸುವ ಮೊದಲು ಈಗಿನ ಅಳತೆ ಬರೆದಿಡಿ. ಮಟ್ಟದ ನೆಲದಲ್ಲಿ ಸೈಕಲ್ ನೇರ ನಿಲ್ಲಿಸಿ, ಫೋನಿನ ಲೆವೆಲ್ ಆ್ಯಪ್ ಅನ್ನು ನೆಲದಲ್ಲಿ ಸೊನ್ನೆಗೆ ಇಟ್ಟು, ಫೋನನ್ನು ಫೋರ್ಕಿನ ಮೇಲಿನ ಕೊಳವೆಗೆ ತಾಗಿಸಿದರೆ ಹೆಡ್ ಆ್ಯಂಗಲ್ ಸಿಗುತ್ತದೆ. ನೆಲದಿಂದ ಕ್ರ್ಯಾಂಕಿನ ನಡುವಿನ ತನಕ, ಸೀಟಿನ ಮೂತಿಯಿಂದ ಹ್ಯಾಂಡಲ್ ನಡುವಿನ ತನಕ ಟೇಪ್ ಹಿಡಿಯಿರಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಅದೇ ಇಳಿಜಾರಿನಲ್ಲಿ ಇಳಿದು ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದೇ ಇಲ್ಲ.

ಆಗುಂಬೆಗೆ ಇದರಿಂದ ತೊಂದರೆ ಇಲ್ಲ. ಆ 14 ತಿರುವುಗಳು ಡಾಂಬರು, ಅಲ್ಲಿ ಹೆಡ್ ಆ್ಯಂಗಲ್‌ಗಿಂತ ಬ್ರೇಕ್ ಪ್ಯಾಡ್ ಮುಖ್ಯ. 60ರ ಸ್ಟೆಮ್‌ನಲ್ಲಿ ಬೆನ್ನು ತುಸು ನೆಟ್ಟಗಾಗಿ ಸೋಮೇಶ್ವರದ ತನಕದ ದಾರಿಯಲ್ಲಿ ಎದುರುಗಾಳಿ ಸ್ವಲ್ಪ ಜಾಸ್ತಿ ತಾಗುತ್ತದೆ, ಅಷ್ಟೆ. ಏರಿನಲ್ಲಿ ಫೋರ್ಕ್ ಲಾಕ್ ಮಾಡಿ, ಟೈರಿಗೆ ಗಾಳಿ ಜಾಸ್ತಿ ಹಾಕಿ. ಹಳೆಯ 90ರ ಸ್ಟೆಮ್ ಮಾರಬೇಡಿ, ಉದ್ದದ ಡಾಂಬರು ಸವಾರಿಗೆ ಅದೇ ಹಿತ ಅನ್ನಿಸಿದರೆ ಫೇಸ್‌ಪ್ಲೇಟ್ (ಬಾರ್ ಹಿಡಿಯುವ ಮುಂದಿನ ಪಟ್ಟಿ), ಮೇಲಿನ ಕ್ಯಾಪ್, ಸ್ಟೀರರ್ ಹಿಡಿದಿರುವ ಬೋಲ್ಟ್ ಬಿಚ್ಚಿ ಬದಲಿಸಬಹುದು. ಬೋಲ್ಟ್ ಬಿಗಿಸುವಾಗ ಸ್ಟೆಮ್ ಮೇಲೆ ಬರೆದ ನ್ಯೂಟನ್ ಮೀಟರ್ ನೋಡಿಕೊಳ್ಳಿ, ಸಾಮಾನ್ಯವಾಗಿ 5ರ ಆಸುಪಾಸು ಇರುತ್ತದೆ.